ಹತ್ತನೆಯ ಪಿನ್

ಕಳೆದ ಆಗಸ್ಟ್‌ನ ಎರಡನೇ ಸೋಮವಾರ ಬೆಳಿಗ್ಗೆ, ಗರುಡಾಚಾರ್‌ಪಾಳ್ಯದ ನಮ್ಮ ಕಚೇರಿಯಲ್ಲಿ ಕಂಪನಿಯ ಫೋನೊಂದಕ್ಕೆ ಒಂಬತ್ತು ಸಲ ತಪ್ಪು ಪಿನ್ ಬಿತ್ತು. ಹತ್ತನೆಯದೂ ತಪ್ಪಾದರೆ ಅದರಲ್ಲಿರುವುದೆಲ್ಲ ತಾನಾಗಿ ಅಳಿಸಿಹೋಗುತ್ತದೆ. ನಿಯಮ ಮೇಲಿನವರದು, ಅದನ್ನು ಫೋನುಗಳಿಗೆ ಅಳವಡಿಸುವ ಕೆಲಸ ನನ್ನದು.

ನಮ್ಮದು ಆಸ್ಪತ್ರೆಗಳ ಫ್ರಿಜ್ ರಿಪೇರಿ ಮಾಡುವ ಕಂಪನಿ. ಇಬ್ಬರು ಮೆಕ್ಯಾನಿಕ್‌ಗಳಿಗೆ ಒಂದೇ ಫೋನ್. ವಾರಕ್ಕೊಬ್ಬರಂತೆ ಮನೆಗೂ ಒಯ್ಯುತ್ತಾರೆ. ಆ ಫೋನ್ ಹಂಚಿಕೊಂಡಿದ್ದ ಜೋಡಿಯಲ್ಲಿ ಹಿರಿಯರು ಶಿವಾಜಿನಗರದವರು. ಅವರ ಹೆಂಡತಿ ತೀರಿಕೊಂಡು ಕೆಲವೇ ತಿಂಗಳಾಗಿತ್ತು. ಖಿಚಡಿಗೆ ಯಾವ ಬೇಳೆ, ಮಗಳ ಟಿಫಿನ್‌ಗೆ ಎಷ್ಟು ಉಪ್ಪು ಎಂದು ಆಕೆ ಕಾಯಿಲೆಯ ಹಾಸಿಗೆಯಿಂದಲೇ ದಖನಿ ಉರ್ದುವಿನಲ್ಲಿ ಹೇಳಿದ್ದನ್ನು ಅವರು ಕೈಲಿದ್ದ ಈ ಫೋನಿನಲ್ಲೇ ರೆಕಾರ್ಡ್ ಮಾಡಿಕೊಂಡಿದ್ದರು. ಆಕೆಯ ದನಿ ಬೇರೆಲ್ಲೂ ಇರಲಿಲ್ಲ. ಕಂಪನಿಯ ಫೋನಿನಿಂದ ಏನನ್ನೂ ಹೊರಗೆ ಕಳಿಸಲಾಗದು. ಆ ದನಿಯನ್ನು ತೆಗೆದುಕೊಡಿ ಎಂದು ಅವರು ಕೇಳಿದ್ದರು. ನಾನು ಮೇಲಕ್ಕೆ ಬರೆದಿದ್ದೆ. ಒಪ್ಪಿಗೆ ಬಂದಿರಲಿಲ್ಲ.

ಶನಿವಾರ ಹಳೆಯ ಪಿನ್‌ನ ಅವಧಿ ಮುಗಿಯಿತು. ಫೋನ್ ಆಗ ಇನ್ನೊಬ್ಬ ಮೆಕ್ಯಾನಿಕ್, ಮರ್ಫಿ ಟೌನಿನವನ ಬಳಿ ಇತ್ತು. ಅದು ಕೇಳಿದಾಗ ಹೊಸ ಪಿನ್ ಇಟ್ಟವನು ಅವನೇ. ಹೊಸ ಪಿನ್ ಬರೆದಿಡುವ ರೂಢಿ ಅವರಲ್ಲಿಲ್ಲ. ಸೋಮವಾರ ಫೋನ್ ಕೈಬದಲಾಯಿಸುವಾಗ ಚಹಾದ ಜೊತೆ ಬಾಯಲ್ಲಿ ಹೇಳುವುದು. ಈ ಸಲ ಅವನಿಗೆ ನೆನಪೇ ಬರಲಿಲ್ಲ. ಇಬ್ಬರೂ ಊಹಿಸಿ ಊಹಿಸಿ ಒತ್ತಿ, ಕೊನೆಗೆ ಹೆದರಿ ನನ್ನ ಮೇಜಿಗೆ ಬಂದರು.

"ಬೈಕ್ ನಂಬರ್ ಹಾಕ್ದೆ, ಚಿಕ್ಕದಾಯ್ತು ಅಂತು. ಮದ್ವೆ ಡೇಟ್ ಹಾಕ್ದೆ, ಹಳೇದು ಅಂತು. ಆಮೇಲೆ ಏನೋ ಹಾಕ್ದೆ ಗುರು, ತಗೊಂಡ್ತು," ಎಂದ ಅವನು.

"ತಲೆನ ಕೇಳ್ಬೇಡ, ಅದು ಮೊದ್ಲಿಂದನೂ ಖಾಲಿ," ಎಂದರು ಹಿರಿಯರು. "ಕೈನ ಕೇಳು."

ಅವನು ಮೇಜಿನ ಮೇಲೆ ಹೆಬ್ಬೆರಳು ಆಡಿಸಿದ. ಮೂರು ಅಂಕಿಯವರೆಗೆ ಹೋಗಿ ನಿಂತಿತು. ಮತ್ತೆ ಆಡಿಸಿದ. ಬೆರಳು ಬೇರೆ ಕಡೆ ಹೋಯಿತು.

ಬೇರೆ ದಿನವಾಗಿದ್ದರೆ ನನ್ನ ಕಂಪ್ಯೂಟರಿನಿಂದಲೇ ಪಿನ್ ತೆಗೆದುಹಾಕಬಹುದಿತ್ತು. ಆದರೆ ಫೋನ್ ಭಾನುವಾರ ಚಾರ್ಜ್ ಇಲ್ಲದೆ ಆರಿಹೋಗಿತ್ತು. ಅದಕ್ಕೆ ಸಿಮ್ ಇಲ್ಲ. ಆರಿ ಮತ್ತೆ ಹೊತ್ತಿದ ಮೇಲೆ ಒಮ್ಮೆ ಸರಿಯಾದ ಪಿನ್ ಬೀಳುವ ತನಕ ಅದು ವೈಫೈಯನ್ನೂ ಹಿಡಿಯದು. ಆದರೂ ಆದೇಶ ಕಳಿಸಿದೆ. ತಲುಪಲಿಲ್ಲ. ಸಂಜೆಯವರೆಗೆ ಕಳಿಸುತ್ತಲೇ ಇದ್ದೆ. ಫೋನುಗಳನ್ನು ನಿಯಂತ್ರಿಸುವ ತಂತ್ರಾಂಶ ಮಾರಿದವರಿಗೆ ಕರೆ ಮಾಡಿದಾಗ, ಅಳಿಸಿ ಹೊಸದಾಗಿ ಶುರುಮಾಡಿ ಎಂದರು. ಕರೆ ಸ್ಪೀಕರ್‌ನಲ್ಲಿತ್ತು. ಹಿರಿಯರು ಎದುರಿಗೇ ಕೂತಿದ್ದರು.

"ಒಂದೇ ಉಳಿದಿರೋದು ಅಲ್ವಾ ಸಾರ್?" ಎಂದು ಕೇಳಿದರು. ಹೌದೆಂದೆ. "ಹಂಗಾದ್ರೆ ಯಾರೂ ಮುಟ್ಬೇಡಿ."

ಫೋನನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಒಳಜೇಬಿಗೆ ಹಾಕಿಕೊಂಡು ಹೊರಟರು. ಮರುದಿನದಿಂದ ಮರ್ಫಿ ಟೌನಿನವನು ಊಟದ ಬಿಡುವಿನಲ್ಲಿ ಒಬ್ಬನೇ ಕೂತು ಅಂಕಿಗಳನ್ನು ಪಿಸುಗುಡುತ್ತಿದ್ದ. ಫೋನ್ ಹಿಂದಿರುಗಿಸಲು ಹಿರಿಯರಿಗೆ ನೋಟಿಸ್ ಹೋಯಿತು. ಅವರು ಉತ್ತರಿಸಲಿಲ್ಲ.

ದನಿಯನ್ನು ತೆಗೆದುಕೊಡಲು ಮೇಲಿನವರ ಒಪ್ಪಿಗೆ ಸೆಪ್ಟೆಂಬರ್‌ನಲ್ಲಿ ಬಂತು. ಫೋನ್ ಶಿವಾಜಿನಗರದ ಅವರ ಮನೆಯಲ್ಲಿದೆ. ಕಳೆದ ವಾರದವರೆಗೆ ಹತ್ತನೆಯ ಪಿನ್ ಯಾರೂ ಒತ್ತಿಲ್ಲ.