ಮೂರು ಸಾವಿರ ಹಿಡಿ ಗೊಬ್ಬರ, ಒಂದು ಹೆಬ್ಬೆಟ್ಟು

ಬೆಳಗಿನ ಐದೂವರೆ. ಅಂತರಘಟ್ಟೆಯ ಆಚೆ ಎರೆ ಹೊಲದ ಬದುವಿನ ಮೇಲೆ ಕೂತು ಹುಲಿಗೆಮ್ಮ ಅಂಗೈಗೆ ಹರಳೆಣ್ಣೆ ಸವರಿಕೊಳ್ಳುತ್ತಿದ್ದಾರೆ. ಬಿರುಕುಗಳಿಗೆ ಎಣ್ಣೆ ತುಂಬಿದ ಮೇಲೆ ಹಳೆ ಸೀರೆಯ ಚೂರು ಸುತ್ತುತ್ತಾರೆ, ಬೆರಳುಗಳನ್ನು ಮಾತ್ರ ಹೊರಗೆ ಬಿಡುತ್ತಾರೆ. ಬೆರಳಿಗೂ ಬಟ್ಟೆ ಸುತ್ತಿದರೆ ಎಷ್ಟು ಗೊಬ್ಬರ ಜಾರುತ್ತಿದೆ ಎಂಬುದು ತಿಳಿಯುವುದಿಲ್ಲವಂತೆ. ಮೊನ್ನೆ ಮೃಗಶಿರ ಮಳೆ ಹದವಾಗಿ ಬಿದ್ದಿದೆ. ಎತ್ತು ಕಟ್ಟಿ ಆಗಿದೆ. ಒಮ್ಮೆಗೆ ಮೂರು ಸಾಲು ಬಿತ್ತುವ ಮೂರು ತಾಳಿನ ಕೂರಿಗೆಗೆ ಎರಡು ಬಟ್ಟಲು. ಒಂದಕ್ಕೆ ತಿಪ್ಪಮ್ಮ ಜೋಳದ ಬೀಜ ಬಿಡುತ್ತಾರೆ, ಇನ್ನೊಂದಕ್ಕೆ ಹುಲಿಗೆಮ್ಮ ಸೂಪರ್ ಗೊಬ್ಬರ ಬಿಡುತ್ತಾರೆ.

ಬೀಜ ಬಿಡುವವಳಿಗೆ ಈ ಕಡೆ ಮರ್ಯಾದೆಯುಂಟು. ಬಿತ್ತನೆಯ ದಿನ ಅರಿಶಿನ ಕುಂಕುಮ ಕೊಡುತ್ತಾರೆ, ಮೊದಲು ಊಟಕ್ಕೆ ಕೂರಿಸುತ್ತಾರೆ. ಗೊಬ್ಬರ ಬಿಡುವವಳನ್ನು ಹೆಸರು ಹಿಡಿದು ಕರೆಯುವವರೂ ಕಡಿಮೆ. ಬೆಳೆ ಚೆನ್ನಾಗಿ ಬಂದರೆ ಬೀಜದ ಗುಣ, ಮಳೆಯ ಗುಣ, ಯಜಮಾನರ ಅದೃಷ್ಟ. ಕೆಟ್ಟರೆ ಮಾತ್ರ ಹುಲಿಗೆಮ್ಮನ ನೆನಪಾಗುತ್ತದೆ. ಎರಡು ವರ್ಷದ ಹಿಂದೆ ಹಾಗೆಯೇ ಆಯಿತು. ಅವರ ಬಗ್ಗೆ ಬರೆಯಲು ಬಂದ ನನಗೆ ಅದನ್ನು ಕೇಳಿದ ದಿನದಿಂದ ಸಿಟ್ಟು ಇಳಿದಿಲ್ಲ.

ಹುಲಿಗೆಮ್ಮನಿಗೆ ಈಗ ನಲವತ್ತಾರು. ತವರು ಅಮೃತಾಪುರದ ಕಡೆ. ಗಂಡ ರಂಗಯ್ಯ ಕಂಡವರ ಕುರಿ ಕಾಯುತ್ತಾರೆ. ಒಂದು ಗುಂಟೆ ಸ್ವಂತ ಹೊಲವಿಲ್ಲ. ಎಪ್ಪತ್ತಮೂರರಲ್ಲಿ ಹೈಬ್ರಿಡ್ ಜೋಳ ಈ ಊರಿಗೆ ಬಂದಾಗ ಜೊತೆಯಲ್ಲೇ ಸೂಪರ್ ಗೊಬ್ಬರವೂ ಬಂತು. ಮೊದಲ ವರ್ಷ ಕೆಲವರು ಅದನ್ನು ಹೊಲದ ತುಂಬ ಎರಚಿದರು. ಅದು ಬಿದ್ದ ಜಾಗ ಬಿಟ್ಟು ಕದಲುವ ಗೊಬ್ಬರವಲ್ಲ, ಎಳೆ ಬೇರಿಗೆ ಸಿಗಲಿಲ್ಲ. ಇನ್ನು ಕೆಲವರು ಬೀಜಕ್ಕೇ ಕಲಸಿ ಬಿತ್ತಿದರು, ಮೊಳಕೆ ಕಮರಿತು. ಬೀಜದಿಂದ ಎರಡು ಬೆರಳು ಪಕ್ಕಕ್ಕೆ, ಎರಡು ಬೆರಳು ಕೆಳಕ್ಕೆ ಬೀಳಬೇಕು. ಅಲ್ಲಿ ಬೀಳುವಂತೆ, ಎಲ್ಲೂ ಎಳೆ ಕಡಿಯದಂತೆ ಗೊಬ್ಬರ ಬಿಡುವುದನ್ನು ಹುಲಿಗೆಮ್ಮ ತಾವೇ ನಡೆದು ನಡೆದು ಕಲಿತರು.

"ಹುಟ್ಟಿದ್ ಕೂಸಿಗೆ ಹಾಲು ಪಕ್ಕದಲ್ಲೇ ಇರ್ಬೇಕು ಸ್ವಾಮಿ. ಅಟ್ಟದ್ ಮೇಲಿದ್ರೆ ಏನ್ ಬಂತು? ಬಾಯಿಗೇ ಸುರುದ್ರೂ ಉಸ್ರು ಕಟ್ತದೆ," ಎನ್ನುತ್ತಾರೆ.

ದಿನಕ್ಕೆ ಮೂರು ಎಕರೆ. ಉತ್ತ ಮಣ್ಣಿನಲ್ಲಿ ಒಂಬತ್ತು ಕಿಲೋಮೀಟರ್ ನಡಿಗೆ. ಎಕರೆಗೆ ಒಂದು ಮೂಟೆಯಂತೆ ಮೂರು ಮೂಟೆ, ನೂರೈವತ್ತು ಕಿಲೋ, ಅವರ ಮುಷ್ಟಿಯಿಂದಲೇ ಇಳಿಯಬೇಕು. ನಾನು ಲೆಕ್ಕ ಹಾಕಿದೆ, ಮೂರು ಸಾವಿರ ಹಿಡಿ. ಗೊಬ್ಬರದ ಹುಳಿ ಬಿರುಕುಗಳಿಗೆ ಇಳಿದು ಉರಿಯುತ್ತದೆ. ಸಂಜೆ ಮುದ್ದೆ ಮುರಿಯುವುದೂ ಎಡಗೈಯಲ್ಲೇ.

ಎಂಬತ್ತೊಂದರ ಜೂನ್. ಈರಭದ್ರಪ್ಪ ಎಂಬ ದೊಡ್ಡ ಹಿಡುವಳಿದಾರರ ಹೊಲದಲ್ಲಿ ಬಿತ್ತನೆ. ಪೇಟೆಯ ಅಂಗಡಿಯೊಂದರಿಂದ ಹೊಸ ಚೀಲಗಳು ಬಂದಿದ್ದವು. ಹತ್ತು ಹೆಜ್ಜೆ ನಡೆದವರೇ ಹುಲಿಗೆಮ್ಮ ನಿಂತರು. ಬದುವಿನ ಮೇಲಿದ್ದ ಈರಭದ್ರಪ್ಪ ಕೂಗಿದರು.

"ಏನ್ಲೇ ಹುಲಿಗಿ, ಎತ್ತು ನಿಲ್ಸಿದ್ದೀಯಾ?"

"ಯಜಮಾನ್ರೇ, ಇದು ಗೊಬ್ರ ಅಲ್ಲ. ಕೈ ಉರೀತಿಲ್ಲ. ಹುಳಿ ವಾಸ್ನೆನೂ ಇಲ್ಲ."

"ಚೀಲದ್ ಮೇಲೆ ಬರ್ದೈತಲ್ಲ! ನಿಂಗೇನ್ ಓದಕ್ ಬತ್ತದಾ?"

"ಓದಕ್ ಬರಲ್ಲ. ಮುಟ್ಟಕ್ ಬತ್ತದೆ."

"ಹದ ಹೋಯ್ತದೆ, ಸುಮ್ನೆ ಬಿಡು!"

ಅವರು ಬಿಟ್ಟರು. ಇದನ್ನು ಹೇಳುವಾಗ ಹುಲಿಗೆಮ್ಮ ನನ್ನ ಮುಖ ನೋಡುವುದಿಲ್ಲ. "ಬಿಡ್ಬಾರ್ದಿತ್ತು ಸ್ವಾಮಿ. ಕೂಲಿಗ್ ಬಂದೋಳು, ಬಿಟ್ಬಿಟ್ಟೆ." ಆದರೆ ಹೊರಡುವ ಮುಂಚೆ ಚೀಲದಿಂದ ನಾಲ್ಕು ಹಿಡಿ ತೆಗೆದು ಸೆರಗಿಗೆ ಗಂಟು ಹಾಕಿಕೊಂಡು ಬಂದರು.

ಇಪ್ಪತ್ತೈದು ದಿನಕ್ಕೆ ಪೈರು ಗೇಣುದ್ದಕ್ಕೆ ನಿಂತುಬಿಟ್ಟಿತು. ಎಲೆಯ ಅಂಚು ನೇರಳೆಯಾಯಿತು. ಅದೇ ಅಂಗಡಿಯಿಂದ ಚೀಲ ತಂದಿದ್ದ ಹನ್ನೊಂದು ಮನೆಯವರ ಹೊಲಗಳೂ ಹಾಗೇ. ಎಲ್ಲರೂ ಹೋಗಿ ಕೇಳಿದರೆ ಅಂಗಡಿಯವನು ಸಲೀಸಾಗಿ ಹೇಳಿದ: "ಮಾಲು ಚೆನ್ನಾಗೇ ಇತ್ತು ಕಣ್ರೀ. ಬಿಟ್ಟೋಳ ಕೈ ಸರಿಯಿಲ್ಲ." ಮೂಟೆ ಆರಿಸಿ ತಂದ ಯಜಮಾನರಿಗೂ ಈ ಮಾತು ಹಿತವಾಯಿತು. ಹನ್ನೊಂದು ಹೊಲಗಳಲ್ಲಿ ಹುಲಿಗೆಮ್ಮ ಗೊಬ್ಬರ ಬಿಟ್ಟಿದ್ದು ನಾಲ್ಕರಲ್ಲಿ. ಉಳಿದ ಏಳು ಯಾರ ಕೈಯಿಂದ ಕೆಟ್ಟವು? ಇಷ್ಟು ಸಣ್ಣ ಪ್ರಶ್ನೆ ಕೇಳುವ ಒಬ್ಬ ಗಂಡಸೂ ಆ ಊರಲ್ಲಿರಲಿಲ್ಲ.

ವಿಚಾರಣೆಗೆ ಕೃಷಿ ಇಲಾಖೆಯ ಜೀಪು ಬಂತು. ಸಾಹೇಬರು ಈರಭದ್ರಪ್ಪನವರ ಜಗಲಿಯಲ್ಲಿ ಕಾಫಿ ಕುಡಿದು, ಕಾಗದ ಬರೆದು, ಹುಲಿಗೆಮ್ಮನನ್ನು ಕರೆಸಿದರು. "ವಿಚಾರಣೆ ಆಯ್ತು, ಹೆಬ್ಬೆಟ್ಟು ಒತ್ತಮ್ಮ" ಎಂದರು. ಒತ್ತಿದರು. ಯಾರೂ ಓದಿ ಹೇಳಲಿಲ್ಲ. ತಿಂಗಳಾದ ಮೇಲೆ ಊರಿನ ನಿವೃತ್ತ ಮೇಷ್ಟ್ರು ಶಾಮಣ್ಣ ಆ ಕಾಗದದ ನಕಲು ತರಿಸಿ ಓದಿದರು. 'ಗೊಬ್ಬರವನ್ನು ಸಮವಾಗಿ ಬಿಡದೆ ನನ್ನ ಅಜಾಗರೂಕತೆಯಿಂದ ಬೆಳೆ ಕುಂಠಿತವಾಗಿರುವುದನ್ನು ಒಪ್ಪಿರುತ್ತೇನೆ' ಎಂದಿತ್ತು.

"ಎರಡ್ ದಿನ ಒಲೆ ಹಚ್ಲಿಲ್ಲ," ಎನ್ನುತ್ತಾರೆ ಹುಲಿಗೆಮ್ಮ. "ಅಳ್ಲಿಲ್ಲ, ಸಿಟ್ಟು. ನನ್ ಹೆಬ್ಬೆಟ್ಟಲ್ಲೇ ನನ್ ಕೈ ಮುರುದ್ರಲ್ಲ!"

ಮೂರನೆಯ ದಿನ ಅಜ್ಜಂಪುರದವರೆಗೆ ನಡೆದು, ಅಲ್ಲಿಂದ ಬಸ್ಸು ಹತ್ತಿ ಇಲಾಖೆಯ ಕಚೇರಿಗೆ ಹೋದರು. "ಪಹಣಿ ಎಲ್ಲಿ? ಹೊಲ ಇಲ್ದೋಳು ನೀನ್ಯಾರು ದೂರು ಕೊಡಕ್ಕೆ?" ಎಂದು ಅಟ್ಟಿದರು. ಎರಡನೆಯ ಸಲ ಸಾಹೇಬರು ಊಟಕ್ಕೆ ಹೋಗಿದ್ದರು, ಸಂಜೆಯವರೆಗೂ ಬರಲಿಲ್ಲ. ಮೂರನೆಯ ಸಲ ಶಾಮಣ್ಣನವರನ್ನು ಕರೆದುಕೊಂಡು ಹೋಗಿ, ಯಾರನ್ನೂ ಕೇಳದೆ ಒಳಗೆ ನುಗ್ಗಿ, ಗಂಟು ಬಿಚ್ಚಿ ಮೇಜಿನ ಮೇಲೆ ಸುರಿದರು.

"ಕೈಯಾಗ್ ಇಟ್ಕೊಂಡ್ ನೋಡಿ ಸ್ವಾಮಿ, ಉರೀತದಾ ಅಂತ!"

ಸಾಹೇಬರು ಗಾಬರಿಯಾಗಿ ಒಂದು ಚಿಟಿಕೆ ಮುಟ್ಟಿ, "ಏನೂ ಗೊತ್ತಾಗಲ್ಲಮ್ಮ," ಎಂದರಂತೆ.

"ನಿಮ್ ಕೈಯಾಗ್ ಬಿರುಕೇ ಇಲ್ಲ, ಹೆಂಗ್ ಗೊತ್ತಾಯ್ತದೆ?"

ಮೇಷ್ಟ್ರು ಅಲ್ಲೇ ನಿಂತು ಅರ್ಜಿ ಬರೆದುಕೊಟ್ಟರು. ಅಂಗಡಿಯಲ್ಲಿ ಉಳಿದಿದ್ದ ಚೀಲಗಳ ಮಾದರಿ ಪರೀಕ್ಷೆಗೆ ಹೋಯಿತು. ಫಲಿತಾಂಶ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಇನ್ನೊಂದು ಬಿತ್ತನೆ ಬಂದು ಹೋಯಿತು. ಕೈ ಸರಿಯಿಲ್ಲದವಳೆಂದು ಒಂದು ಮನೆಯವರೂ ಅವರನ್ನು ಕರೆಯಲಿಲ್ಲ. ಹುಲಿಗೆಮ್ಮ ರಸ್ತೆಗೆ ಜಲ್ಲಿ ಹೊತ್ತರು. ಕೊನೆಗೆ ಬಂದ ವರದಿಯಲ್ಲಿದ್ದದ್ದು ಇಷ್ಟೇ: ಚೀಲದಲ್ಲಿ ಬೂದಿ ಮತ್ತು ಜೇಡಿಮಣ್ಣು, ಸೂಪರ್ ಗೊಬ್ಬರದ ಸತ್ವವಾದ ರಂಜಕ ಇಲ್ಲವೆನ್ನುವಷ್ಟು ಕಡಿಮೆ.

ಅಂಗಡಿಗೆ ಮೂರು ತಿಂಗಳು ಬೀಗ ಬಿತ್ತು. ನಾಲ್ಕನೆಯ ತಿಂಗಳಿಂದ ಭಾವಮೈದುನನ ಹೆಸರಿನ ಬೋರ್ಡು ಹಾಕಿ ಅದೇ ಮನುಷ್ಯ ಅದೇ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದಾನೆ, ನಾನೇ ನೋಡಿ ಬಂದೆ. ಮೋಸ ಪತ್ತೆ ಮಾಡಿದವರೆಂದು ಕಡತದಲ್ಲಿರುವುದು 'ಜಾಗೃತ ರೈತ' ಈರಭದ್ರಪ್ಪನವರ ಹೆಸರು. ಹುಲಿಗೆಮ್ಮನ ಹೆಬ್ಬೆಟ್ಟಿನ ಕಾಗದವೂ ಅದೇ ಕಡತದಲ್ಲಿ ಭದ್ರವಾಗಿದೆ. ಅದನ್ನು ರದ್ದು ಮಾಡಿ ಎಂದು ಕೇಳಿದೆ. "ಫೈಲ್ ಕ್ಲೋಸ್ ಆಗಿದೆ ಸಾರ್. ಅವಳಿಗೆ ಓದೋಕೇ ಬರಲ್ಲ, ಏನು ತೊಂದರೆ?" ಎಂದು ಗುಮಾಸ್ತರು ನಕ್ಕರು. ನನಗೆ ನಗು ಬರಲಿಲ್ಲ.

ಈ ವರ್ಷ ಮತ್ತೆ ಕರೆಯುತ್ತಿದ್ದಾರೆ. ಈರಭದ್ರಪ್ಪನವರೇ ಮೊದಲು ಹೇಳಿ ಕಳಿಸಿದರು, ತಪ್ಪಾಯಿತು ಎಂಬ ಮಾತಿಲ್ಲದೆ. ಹೋದಿರಾ ಎಂದರೆ, "ಹೋದೆ. ಚೀಲ ನಾನೇ ಬಿಚ್ಚಿ, ಮುಟ್ಟಿ ನೋಡ್ದೆ ಕೂರ್ಗೆ ಮುಟ್ಟಲ್ಲ ಅಂದೆ. ಹೂಂ ಅಂದ್ರು," ಎಂದು ಹೇಳುತ್ತಾರೆ.

ಹೊಲದ ಕೊನೆಯ ಸಾಲು ಮುಗಿದಿದೆ. ನಾನು ಹೊರಡಲು ಎದ್ದಾಗ ಹುಲಿಗೆಮ್ಮ ದಾರಿಗೆ ಅಡ್ಡ ನಿಂತು, ನನ್ನ ನೋಟ್‌ಬುಕ್ಕಿನ ಕಡೆ ಕೈ ತೋರಿಸುತ್ತಾರೆ.

"ಏನ್ ಬರ್ಕೊಂಡ್ರಿ, ಓದಿ."

ಮೊದಲಿನಿಂದ ಓದುತ್ತೇನೆ. ತಿಪ್ಪಮ್ಮನೂ ಬಂದು ಪಕ್ಕದಲ್ಲಿ ಕೂರುತ್ತಾರೆ. 'ಕೂಲಿ ಹೆಂಗಸು' ಎಂಬ ಕಡೆ ನನ್ನ ದನಿ ತಗ್ಗುತ್ತದೆ, ಹೊಡೆದು ಹಾಕಲೇ ಎಂದು ಕೇಳುತ್ತೇನೆ.

"ಇರ್ಲಿ ಬಿಡಿ, ಸುಳ್ಳೇನಲ್ಲ," ಎನ್ನುತ್ತಾರೆ. "ಕೈ ತಪ್ಪಿಲ್ಲ ಅಂತ್ಲೂ ಬರೀರಿ. ಬರ್ದು, ಇನ್ನೊಂದ್ ಸಲ ಓದಿ."