ಅವ್ವನಿಗೆ ಓದಿದ ಸುಳ್ಳು ಅಧ್ಯಾಯ

ಕಾದಂಬರಿಗಳ ಬಗ್ಗೆ ನಾನು ಆಡುವ ದೊಡ್ಡ ಮಾತುಗಳಲ್ಲಿ ಅರ್ಧ ನಮ್ಮ ಕಾಲೇಜಿನ ಸರ್ ಅವರದು. ಉಳಿದರ್ಧ ಅವರು ಕೆಮ್ಮುವ ಧಾಟಿ. ಕೊಲ್ಹಾಪುರದ ಚಹಾದಂಗಡಿಯಲ್ಲಿ ಕುಳಿತು, ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡು, “ಈ ಕೃತಿಯ ವಸ್ತು ಮನುಷ್ಯರ ನಡುವಿನ ಮೌನ” ಎಂದು ಕೆಮ್ಮಿದರೆ ಗೆಳೆಯರು ಬಿದ್ದು ಬಿದ್ದು ನಗುತ್ತಾರೆ. ಅದೇ ಮಾತನ್ನು ಇಚಲಕರಂಜಿಯ ಮನೆಯಲ್ಲಿ ಅವ್ವನಿಗೂ ಹೇಳಿದೆ.

“ಅಂದ್ರ ಇಬ್ರೂ ಮಾತಾಡೂದಿಲ್ಲ, ಅಷ್ಟ ಹೌದಲ್ಲೊ? ಅದಕ್ಕ ಇಷ್ಟು ದಪ್ಪನ ಪುಸ್ತಕಾ ಯಾಕ್ ಬೇಕು?”

ವಿಮರ್ಶಕನಾಗಿ ನಾನು ಅಂದಿನಿಂದ ಸ್ವಲ್ಪ ಸೊರಗಿದ್ದೇನೆ.

ಅವ್ವನ ಮಾತೆಲ್ಲ ಕನ್ನಡ, ಕಲಿತ ಶಾಲೆ ಮರಾಠಿ. ಕನ್ನಡ ಅಕ್ಷರ ಅವಳ ಪಾಲಿಗೆ ರಂಗೋಲಿ. ನಮ್ಮ ಓಣಿಯಲ್ಲಿ ಇದೇನೂ ವಿಶೇಷವಲ್ಲ. ಹಾಗಾಗಿ ಮಗ್ಗಗಳಿಗೆ ರಜೆಯಿರುವ ಮಧ್ಯಾಹ್ನ ನಾನು ಓದುತ್ತೇನೆ, ಅವ್ವ ಶೇಂಗಾ ಸುಲಿಯುತ್ತ ಕೇಳುತ್ತಾಳೆ. ಪ್ರತಿ ಪಾತ್ರಕ್ಕೂ ಗುರುತಿನವರದೊಂದು ದನಿ ಅಂಟಿಸುತ್ತೇನೆ. ದುಷ್ಟ ಜಮೀನ್ದಾರನಿಗೆ ಮಗ್ಗದ ಮಾಲೀಕ ಶೇಟಜಿಯ ದನಿ. ಪೆದ್ದ ನಾಯಕನಿಗೆ, ಹುಡುಕುವ ಶ್ರಮವೇ ಇಲ್ಲ, ನನ್ನದು.

ಆ ಕಾದಂಬರಿಯಲ್ಲಿ ಇಬ್ಬರು ಅಕ್ಕತಂಗಿಯರು. ಒಂದೇ ಮನೆ, ನಡುವೆ ಮುಚ್ಚಿದ ಬಾಗಿಲು, ವರ್ಷಗಟ್ಟಲೆ ಮಾತಿಲ್ಲ. ತಮಾಷೆಗೆಂದು ಅಕ್ಕನಿಗೆ ಅವ್ವನ ದನಿ ಕೊಟ್ಟೆ. ತಂಗಿಗೆ ಅವ್ವನ ತಂಗಿ, ಗಡಹಿಂಗ್ಲಜದ ಚಿಗವ್ವನದು. ಎಡವಿದ್ದೇ ಅಲ್ಲಿ. ತನ್ನ ಮಗನ ಮದುವೆಯ ಗದ್ದಲದಲ್ಲಿ ಚಿಗವ್ವ ಅವ್ವನ ಉಡಿ ತುಂಬದೆ ಕಳಿಸಿದ್ದಳು. ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ರವಿಕೆಗೊಂದು ಕುಬಸದ ಕಣ: ಇಷ್ಟು ಸೆರಗಿಗೆ ಬೀಳದ್ದಕ್ಕೆ ಇಬ್ಬರೂ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು.

ಕಡೆಯ ಅಧ್ಯಾಯದಲ್ಲಿ ಅವ್ವನ ಕೈ ನಿಂತಿತು. “ಯಾರರೆ ಬಾಗಲಾ ಬಡೀತಾರೇನೊ?”

ಪುಸ್ತಕದಲ್ಲಿ ಯಾರೂ ಬಡಿಯುವುದಿಲ್ಲ. ಅಕ್ಕ ಸಾಯುತ್ತಾಳೆ; ತಂಗಿ ಈಚೆ ಕೂತೇ ಇರುತ್ತಾಳೆ. ಅವ್ವನ ಮುಖ ನೋಡಿದ ಮೇಲೆ ಅದನ್ನು ಓದಲಾಗಲಿಲ್ಲ. ಅವಳದೇ ದನಿಯಲ್ಲಿ, “ತಂಗೀ, ನಾ ಬಂದೇನಿ, ಬಾಗಲಾ ತಗಿ” ಎಂದು ಶುರುಮಾಡಿ ಇಡೀ ಅಧ್ಯಾಯವನ್ನೇ ಕಟ್ಟಿ ಓದಿದೆ.

ಮರುದಿನ ಎದ್ದರೆ ಅವ್ವ ಇಲ್ಲ.

“ಗಡಹಿಂಗ್ಲಜ ಬಸ್ ಹತ್ತ್ಯಾಳ,” ಎಂದ ಅಪ್ಪ.

ಕಾದಂಬರಿ ಕೇಳಿ ಅತ್ತವರನ್ನು ಕಂಡಿದ್ದೆ. ಬಸ್ ಹತ್ತಿದವರನ್ನು ಕಂಡಿರಲಿಲ್ಲ! ಚಿಗವ್ವ ಬಾಗಿಲು ತೆಗೆಯದಿದ್ದರೆ? ನನ್ನ ಸುಳ್ಳು ನಂಬಿ ಹೋದವಳು ಹೊಸ್ತಿಲಾಚೆ ನಿಂತೇ ಮರಳಿದರೆ? ಚಿಗವ್ವನ ಮನೆಗೆ ಫೋನು ಮಾಡಿದೆ; ಯಾರೂ ಎತ್ತಲಿಲ್ಲ. ಅವತ್ತು ನಾನು ಯಾರನ್ನೂ ಅಣಕಿಸಲಿಲ್ಲ. ಜ್ವರವೇನೋ ಎಂದು ಅಪ್ಪ ಹಣೆ ಮುಟ್ಟಿ ನೋಡಿದ.

ಸಂಜೆ ಅವ್ವ ಬಂದಳು. ಹಿಂದೆಯೇ ಕುಂಟುತ್ತ ಚಿಗವ್ವ!

“ಬಾಗಲಾ ತಗ್ಯಾಕ ಓಡಿ ಬಂದು ಎಡವೀನಿ ನೋಡೊ,” ಎಂದು ಹೆಬ್ಬೆರಳು ತೋರಿಸಿದಳು.

ತಡೆಯಲಾಗದೆ ಒಪ್ಪಿಕೊಂಡೆ: “ಅವ್ವಾ, ಪುಸ್ತಕದಾಗ ಹಂಗಿಲ್ಲ. ಅದು ನಾ ಕಟ್ಟಿದ್ದು.”

“ಗೊತ್ತೈತಿ. ಅಕ್ಷರ ಬರದಿದ್ರೇನು, ಕಣ್ಣ ಕಾಣ್ತಾವಲ್ಲ? ಅಷ್ಟೊತ್ತು ಓದಿದಿ, ಒಂದೂ ಹಾಳಿ ತಿರುವಲಿಲ್ಲ.”

“ಮತ್ತ ಯಾಕ್ ಹೋದಿ?”

“ನನ್ನ ದನಿ ತಗದು ಹೇಳಿದ್ಯಲ್ಲ, ನಾನ ಹೇಳಿದಂಗ ಕೇಳಿಸ್ತು. ಹೇಳೂದು ಇಷ್ಟು ಸಸಾರ ಅಂತ ಗೊತ್ತಿರಲಿಲ್ಲ.”

ಚಿಗವ್ವ ಚಾಪೆ ಹಾಸಿದಳು. “ಈಗ ಖರೇದು ಓದು.”

ಓದಿದೆ. ಅಕ್ಕ ಸತ್ತಳು, ತಂಗಿ ಕೂತೇ ಇದ್ದಳು. “ಎರಡೂ ಹುಚ್ಚ ಖೋಡಿ. ಬಾಗಲಾ ಬಡದಿದ್ರ ಕೈ ಮುರೀತಿತ್ತೇನು?” ಎಂದಳು ಚಿಗವ್ವ. “ಬರದಾವಂಗರೆ ಬುದ್ಧಿ ಬ್ಯಾಡೇನು?” ಎಂದಳು ಅವ್ವ. ಲೇಖಕರ ಪರವಾಗಿ ಎರಡು ಮಾತಾಡಲು ಹೋದೆ. ಇಬ್ಬರೂ ನನ್ನ ಮೇಲೇ ಬಿದ್ದರು. ಬೈಸಿಕೊಳ್ಳುತ್ತ ಅನ್ನಿಸಿತು: ಕಾದಂಬರಿ ಸುಖವಾಗಿ ಮುಗಿಯಬೇಕೆಂದೇನಿಲ್ಲ, ಅದನ್ನು ಬೈಯುವ ಇಬ್ಬರು ಒಂದೇ ಚಾಪೆಯ ಮೇಲೆ ಕೂತಿದ್ದರೆ ಸಾಕು.