ಹಸಿರು ಶಾಲಿನ ಮೂರನೆಯ ತುಣುಕು

ಮಹಾವೀರರು ನಡೆದರೆ ಭೂಮಿ ನಡುಗುತ್ತದಂತೆ. ನಮ್ಮ ನಾಲ್ಕಣ್ಣ ಮೆಟ್ಟಿಲು ಹತ್ತಿದರೆ ಹಿಂದೆ ಬರುವವರ ಮೂಗು ಜಜ್ಜುತ್ತಿತ್ತು. ನಾಲ್ಕು ಮೆಟ್ಟಿಲಿಗೊಮ್ಮೆ ಅವನು ಗಕ್ಕನೆ ನಿಲ್ಲುತ್ತಿದ್ದ. ಊಟದಲ್ಲೂ ಅದೇ ಪಾಡು. ಐದನೆಯ ತುತ್ತು ಯಾವಾಗ ಏಳುತ್ತದೋ ಎಂದು ಕಾದು ಕಾದು ಅವನ ಹೆಂಡತಿ ತಾನೇ ಉಂಡು ಕೈತೊಳೆಯುತ್ತಿದ್ದಳು.

ಇಪ್ಪತ್ತೆರಡು ವರ್ಷ ಫೋನ್ ಸರ್ವಿಸ್ ಸೆಂಟರಿನ ಕಿಟಕಿಯಿಲ್ಲದ ಹಿಂಕೋಣೆಯಲ್ಲಿ ಕೂತಿದ್ದರ ಫಲ ಅದು. ಕೆಲವು ಹಳೆಯ ಫೋನುಗಳಿಗೆ ನಮ್ಮ ಲಿಪಿ ಬಾರದು. ಅಕ್ಷರಕ್ಕೊಂದು ಖಾಲಿ ಡಬ್ಬಿ ತೋರಿಸಿ ಸುಮ್ಮನಾಗುತ್ತವೆ. ನಾಲ್ಕಣ್ಣ ಆ ಡಬ್ಬಿಗಳ ಹಿಂದಿನ ಸಂಕೇತಗಳನ್ನು ಹೊರಗೆಳೆದು, ನಾಲ್ಕು ನಾಲ್ಕಾಗಿ ಕತ್ತರಿಸಿ, ಗುಂಪಿಗೊಂದರಂತೆ ಅಕ್ಷರವನ್ನೋ ಕೊಂಬನ್ನೋ ಚೌಕುಳಿ ಕಾಗದದ ಮನೆಗಳಲ್ಲಿ ಕೂರಿಸುತ್ತಿದ್ದ. ಬಾರದ ಅಕ್ಷರದ ಮನೆ ಖಾಲಿಯೇ. ಊಹಿಸಿ ತುಂಬಿದವನಲ್ಲ. ಕೌಂಟರಿನ ಹುಡುಗಿ ಮಾತ್ರ, ಇವನು ಸತ್ತವರ ಮನಸ್ಸನ್ನೂ ಓದುತ್ತಾನೆಂದು ಡಂಗುರ ಸಾರಿದ್ದಳು.

ಆ ಡಂಗುರ ನಂಬಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಬಂದಳು, ಹಳೆಯ ಫೋನನ್ನು ಹಸಿರು ಶಾಲಿನಲ್ಲಿ ಸುತ್ತಿಕೊಂಡು. ಮೂರು ವರ್ಷದ ಹಿಂದೆ, ಹಾಸಿಗೆ ಹಿಡಿದಿದ್ದ ಅಮ್ಮ ಆ ಶಾಲನ್ನು ಇವಳಿಗೆ ಹೊದಿಸಿದ್ದಳು. ಅಮ್ಮನೆದುರೇ ಅಕ್ಕ ಇವಳನ್ನು ಕಳ್ಳಿ ಎಂದಳು. ಅಲ್ಲಿಗೆ ಅಕ್ಕತಂಗಿಯರ ಮಾತು ನಿಂತಿತು. ಎರಡು ತಿಂಗಳ ಹಿಂದೆ ಅಕ್ಕನಿಂದ ಬಂದದ್ದು ಸಾಲು ಸಾಲು ಖಾಲಿ ಡಬ್ಬಿ. ಆಡಲು ಏನೂ ಉಳಿದಿಲ್ಲವೆಂದು ಬೇಕಂತಲೇ ಕಳಿಸಿದ್ದಾಳೆ ಅಂದುಕೊಂಡು ಇವಳು ಫೋನನ್ನು ಮೂಲೆಗೆಸೆದಳು. ಕಳೆದ ತಿಂಗಳು ಅಕ್ಕ ತೀರಿಕೊಂಡಳು.

ನಾಲ್ಕಣ್ಣ ಕೆಲಸಕ್ಕೆ ಕೂತ. ಉದ್ದದ ಮೆಸೇಜು ತುಣುಕು ತುಣುಕಾಗಿ ಬರುತ್ತದೆ. ಒಟ್ಟು ಎಷ್ಟು, ಇದು ಎಷ್ಟನೆಯದು ಎಂದು ಪ್ರತಿ ತುಣುಕಿನ ಹಣೆಯಲ್ಲೇ ಬರೆದಿರುತ್ತದೆ. ಮೂರರಲ್ಲಿ ಒಂದನೆಯದು ಇತ್ತು. ಎರಡನೆಯದೂ ಇತ್ತು. ಪೆನ್ಸಿಲ್ ಮನೆಯಿಂದ ಮನೆಗೆ ದಾಟಿತು:

‘ತಂಗಿ, ಆವತ್ತು ಅಮ್ಮನ ಮುಂದೆ ನಾನು ಆಡಿದ ಮಾತು ತಪ್ಪು. ಹೇಳೋಕೆ ಮೂರು ವರ್ಷ ಬೇಕಾಯ್ತು. ಸೋಮವಾರ ಆಸ್ಪತ್ರೆಗೆ ಸೇರ್ತೀನಿ. ನೀನು ಬಂದರೆ, ಬರೋವಾಗ ಆ ಹಸಿರು ಶಾಲು’

ಅಲ್ಲಿಗೆ ಮುಗಿಯಿತು. ಮುಂದೆಲ್ಲ ಖಾಲಿ ಮನೆ.

ಹೆಂಗಸು ಕಾಗದದ ಮೇಲೆ ಬೆರಳಿಟ್ಟು ಓದಿದಳು, ಮತ್ತೆ ಮೊದಲಿಂದ ಓದಿದಳು. ಬೆರಳು ಖಾಲಿ ಮನೆಗಳಿಗೂ ಹೋಯಿತು.

ಕೌಂಟರಿನ ಹುಡುಗಿ ನಾಲ್ಕಣ್ಣನ ಕಿವಿಯ ಹತ್ತಿರ ಬಗ್ಗಿದಳು. “ನಿಮ್ಮ ಗಂಟೇನು ಹೋಗುತ್ತೆ ಅಣ್ಣ? ‘ಹೊದ್ಕೊಂಡು ಬಾ’ ಅಂತ ಬರೆದ್ಬಿಡಿ. ಪಾಪ, ನೆಮ್ಮದಿಯಾಗಿ ಹೋಗ್ಲಿ.”

ನಾಲ್ಕಣ್ಣ ಬೇಡವೆಂದರೂ ಮನಸ್ಸು ಆ ಮಾತಿನ ಮನೆಗಳನ್ನು ಎಣಿಸಿಬಿಟ್ಟಿತು. ಅಕ್ಷರ, ಕೊಂಬು, ನಡುವಿನ ಬಿಡುವು ಎಲ್ಲ ಸೇರಿ ಹನ್ನೆರಡು ಮನೆ. ಸರಿಯಾಗಿ ನಾಲ್ಕರ ಮೂರು ಗುಂಪು. ಇಪ್ಪತ್ತೆರಡು ವರ್ಷದಲ್ಲಿ ಸುಳ್ಳೊಂದು ಇಷ್ಟು ಚೊಕ್ಕವಾಗಿ ಒದಗಿ ಬಂದಿರಲಿಲ್ಲ. ಪೆನ್ಸಿಲ್ ಕಾಗದ ಮುಟ್ಟುವವರೆಗೂ ಹೋಯಿತು.

ಹೆಂಗಸು ತಲೆಯೆತ್ತಿದಳು.

“ಹೊದ್ಕೊಂಡು ಬಾ ಅಂದ್ಲಾ, ವಾಪಸ್ ತಗೊಂಡು ಬಾ ಅಂದ್ಲಾ? ನಿಮಗೆ ಎಲ್ಲಾ ಗೊತ್ತಾಗುತ್ತಂತೆ. ಹೇಳಿ ಅಣ್ಣ.”

ನಾಲ್ಕಣ್ಣ ಪೆನ್ಸಿಲ್ ಕೆಳಗಿಟ್ಟ.

“ಗೊತ್ತಿಲ್ಲಕ್ಕ. ಮೂರನೇದು ಬಂದಿಲ್ಲ.”